ಹಾಡಿದವರಾರು, ಒಡೆಯರಾರು?

2024ನೆಯ ಇಸವಿ ಫೆಬ್ರವರಿ 3ರಂದು ಆಸ್ಟನ್ ಬ್ಯಾರೆಟ್ ಎಂಬ ವಾದ್ಯಗಾರರು ತಮ್ಮ 77ನೆಯ ವಯಸ್ಸಿನಲ್ಲಿ ತೀರಿಕೊಂಡರು. ಜಮೈಕ ದ್ವೀಪದ 'ವೇಲರ್ಸ್' ಮೇಳದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವರು ಅವರು. ಅದಾದ ಹನ್ನೊಂದನೆಯ ದಿನ ಅದೇ ಮೇಳದ ನಾಯಕ ಬಾಬ್ ಮಾರ್ಲಿಯವರ ಜೀವನವನ್ನು ಕುರಿತ ಚಲನಚಿತ್ರವೊಂದು ಲೋಕದ ದೊಡ್ಡ ದೊಡ್ಡ ಪಟ್ಟಣಗಳಲ್ಲಿ ತೆರೆಕಂಡಿತು. ಆ ಹಾಡುಗಳ ತಳಪಾಯವೆಂದರೆ ಬ್ಯಾರೆಟ್ಟರ ಬೇಸ್ ತಂತಿಯೇ. ಆದರೆ ಆ ಹಾಡುಗಳ ಹುಟ್ಟುವಳಿಯಲ್ಲಿ ತನಗೂ ಪಾಲಿದೆಯೆಂದು ಅವರು ಲಂಡನ್ನಿನ ಹೈಕೋರ್ಟಿಗೆ ಹೋದಾಗ, 2006ರಲ್ಲಿ ನ್ಯಾಯಾಧೀಶರು ದಾವೆಯನ್ನು ವಜಾ ಮಾಡಿದರು. ಹಿಂದೆ 1994ರಲ್ಲಿ ಆಗಿದ್ದ ರಾಜಿಯಲ್ಲಿ ಹಣ ಪಡೆದು ಹಕ್ಕು ಬಿಟ್ಟುಕೊಟ್ಟಾಗಿದೆ, ಇನ್ನು ಕೇಳುವಂತಿಲ್ಲ ಎಂಬುದು ತೀರ್ಪಿನ ತಿರುಳು.

ಬತ್ತದ ಧಾರಣೆ, ಬಗರ್‌ಹುಕುಂ ಸಾಗುವಳಿ, ಪುರಸಭೆಯ ನಲ್ಲಿ ನೀರು ಇವುಗಳನ್ನು ಕುರಿತು ಬರೆಯುವ ಈ ಪತ್ರಿಕೆಗೆ ಏಳು ಸಮುದ್ರದಾಚೆಯ ಗ್ರಾಮಾಫೋನ್ ತಟ್ಟೆಗಳ ಉಸಾಬರಿ ಏಕೆಂದು ಕೆಲವು ಮಿತ್ರರು ಕೇಳಬಹುದು. ಉಳುವವನೇ ಹೊಲದೊಡೆಯನಾಗಬೇಕೆಂದು ಕೂಗಿದ ಪಕ್ಷ ನಮ್ಮದು. ನೆಲಕ್ಕೆ ಸಲ್ಲುವ ಮಾತು ಹಾಡಿಗೆ ಸಲ್ಲುವುದಿಲ್ಲವೇ? ದುಡಿಮೆಯೆಂದರೆ ನೇಗಿಲು, ಮಗ್ಗ, ಗಿರಣಿಗಳಷ್ಟೇ ಅಲ್ಲ. ಗಂಟಲೂ ದುಡಿಯುತ್ತದೆ, ಬೆರಳೂ ದುಡಿಯುತ್ತದೆ. ಆ ದುಡಿಮೆಯ ಫಲ ಯಾರ ಕಣಜಕ್ಕೆ ಹೋಗುತ್ತದೆಂಬುದನ್ನು ಕಾಣಬೇಕಾದರೆ ವೇಲರ್ಸ್ ಮೇಳದ ತಟ್ಟೆಗಳ ಚರಿತ್ರೆಗಿಂತ ನಿಚ್ಚಳವಾದ ನಿದರ್ಶನ ಸಿಕ್ಕುವುದು ಕಷ್ಟ.

ಜಮೈಕ ಕಬ್ಬಿನ ದ್ವೀಪ. ಆಫ್ರಿಕದಿಂದ ಹಿಡಿದು ತಂದ ಗುಲಾಮರ ಬೆನ್ನಿನ ಮೇಲೆ ಇಂಗ್ಲೆಂಡಿನ ಸಕ್ಕರೆ ಸಾಹುಕಾರಿ ಬೆಳೆದ ಜಾಗ. 1962ರ ಆಗಸ್ಟ್ 6ರಂದು ಸ್ವಾತಂತ್ರ್ಯ ಬಂದಿತು, ಧ್ವಜ ಬದಲಾಯಿತು. ಹಳ್ಳಿಯಲ್ಲಿ ನೆಲವಿಲ್ಲದೆ, ಪಟ್ಟಣದಲ್ಲಿ ಕೆಲಸವಿಲ್ಲದೆ ರಾಜಧಾನಿ ಕಿಂಗ್‌ಸ್ಟನ್ನಿನ ಟ್ರೆಂಚ್ ಟೌನ್ ಎಂಬ ಬಡವರ ಕೇರಿಯಲ್ಲಿ ಕಿಕ್ಕಿರಿದಿದ್ದ ಜನರ ಪಾಡು ಮಾತ್ರ ಬದಲಾಗಲಿಲ್ಲ. ಆ ಕೇರಿಯ ವಠಾರಗಳಲ್ಲಿ ಜೋ ಹಿಗ್ಸ್ ಎಂಬ ಹಾಡುಗಾರರು ಹುಡುಗರನ್ನು ಕೂರಿಸಿಕೊಂಡು ಸ್ವರ ಹೇಳಿಕೊಡುತ್ತಿದ್ದರು. ಅವರ ಬಳಿ ಕಲಿತ ಬಾಬ್ ಮಾರ್ಲಿ, ಪೀಟರ್ ಟಾಷ್, ಬನ್ನಿ ಲಿವಿಂಗ್‌ಸ್ಟನ್ ಮತ್ತು ಇನ್ನೂ ಮೂವರು ಗೆಳೆಯ ಗೆಳತಿಯರು 1963ರ ಹೊತ್ತಿಗೆ ಒಂದು ಮೇಳ ಕಟ್ಟಿದರು. ವೇಲರ್ಸ್ ಎಂದರೆ ಗೋಳಿಡುವವರು. ಹೆಸರಿನಲ್ಲಿ ಕಲ್ಪನೆಯೇನೂ ಇರಲಿಲ್ಲ.

ಅವರ ಮೊದಲ ಒಡೆಯರು 'ಸ್ಟುಡಿಯೋ ಒನ್'ನ ಕ್ಲೆಮೆಂಟ್ ಡಾಡ್. ಅಂದಿನ ಕಿಂಗ್‌ಸ್ಟನ್ನಿನ ಸಂಗೀತ ವ್ಯಾಪಾರದ ಪದ್ಧತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಬಡಜನರಿಗೆ ಮನೆಯಲ್ಲಿ ಗ್ರಾಮಾಫೋನ್ ಇಟ್ಟುಕೊಳ್ಳುವ ಶಕ್ತಿಯಿರಲಿಲ್ಲ. ಅವರು ಕುಣಿಯುತ್ತಿದ್ದುದು ದೊಡ್ಡ ದೊಡ್ಡ ಧ್ವನಿವರ್ಧಕಗಳನ್ನು ಲಾರಿಯಲ್ಲಿ ಹೇರಿಕೊಂಡು ಬಂದು ಬಯಲಿನಲ್ಲಿ ಹೂಡುತ್ತಿದ್ದ 'ಸೌಂಡ್ ಸಿಸ್ಟಂ'ಗಳ ಎದುರಿಗೆ. ಹೀಗೆ ಧ್ವನಿವರ್ಧಕ ಹೂಡುತ್ತಿದ್ದ ಮಾಲೀಕರೇ ಮುಂದೆ ಸ್ಟುಡಿಯೋ ತೆರೆದು ರೆಕಾರ್ಡು ತಯಾರಕರಾದರು. ವಾದ್ಯಗಾರನಿಗೆ ಹಾಡಿಗಿಷ್ಟು ಎಂಬ ಕೂಲಿ. ಹಾಡುಗಾರನಿಗೆ ಅಲ್ಪ ಸಂಬಳ. ಟೇಪು ಮಾತ್ರ ಮಾಲೀಕನದು. ಒಂದು ಸಲ ಹಿಡಿದಿಟ್ಟ ತಾಳವಾದ್ಯದ ಟೇಪನ್ನು ಹತ್ತು ಹಾಡುಗಾರರ ಹತ್ತು ಹಾಡುಗಳಿಗೆ ಮತ್ತೆ ಮತ್ತೆ ಬಳಸಿಕೊಳ್ಳುವುದು ಅಲ್ಲಿಯ ರೂಢಿ. ನುಡಿಸಿದವನಿಗೆ ಮೊದಲನೆಯ ದಿನದ ಕೂಲಿಯೇ ಕೊನೆಯ ಕೂಲಿ.

ವೇಲರ್ಸ್ ಮೇಳದ 'ಸಿಮ್ಮರ್ ಡೌನ್' ಎಂಬ ಹಾಡು 1964ರ ಆರಂಭದಲ್ಲಿ ಜಮೈಕದಲ್ಲೆಲ್ಲ ಮೊದಲ ಸ್ಥಾನಕ್ಕೆ ಏರಿತು. ಬೀದಿಯ ಪುಂಡ ಹುಡುಗರಿಗೆ ತಣ್ಣಗಿರಿ ಎಂದು ಬುದ್ಧಿ ಹೇಳುವ ಹಾಡು ಅದು. 1966ರ ವರೆಗೆ ನೂರರ ಸುಮಾರು ಹಾಡುಗಳನ್ನು ಅವರು ಡಾಡ್‌ರಿಗೆ ಹಾಡಿಕೊಟ್ಟರು. ಈ ಅವಧಿಯಲ್ಲಿ ಮಾರ್ಲಿ ಮಲಗುತ್ತಿದ್ದುದು ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ. ಒಡೆಯನ ಅಂಗಳದಲ್ಲೇ ದುಡಿಮೆ, ಒಡೆಯನ ಕೊಟ್ಟಿಗೆಯಲ್ಲೇ ನಿದ್ರೆ. ಜೀತವನ್ನು ಕಂಡ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಡಾಡ್ ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಹುಡುಗನಿಗೆ ನೆಲೆ ಕೊಟ್ಟರು, ತಿದ್ದಿದರು, ಒಳ್ಳೆಯ ವಾದ್ಯಗಾರರ ಜೊತೆ ನಿಲ್ಲಿಸಿದರು. ಒಡೆಯ ಒಳ್ಳೆಯವನೋ ಕೆಟ್ಟವನೋ ಎಂಬುದು ಪ್ರಶ್ನೆಯಲ್ಲ; ಟೇಪು ಯಾರದು ಎಂಬುದು ಪ್ರಶ್ನೆ.

ಈ ಪ್ರಶ್ನೆಗೆ ಕಾನೂನು ಕೊಟ್ಟ ಉತ್ತರ ನೋಡಿ. ಸ್ವತಂತ್ರ ಜಮೈಕದಲ್ಲಿ ಜಾರಿಯಲ್ಲಿದ್ದುದು ಬ್ರಿಟಿಷ್ ಸಾಮ್ರಾಜ್ಯದ 1911ರ ಹಕ್ಕುಸ್ವಾಮ್ಯ ಶಾಸನ. ಧ್ವನಿ ಹಿಡಿದ ಮೂಲ ತಟ್ಟೆಯನ್ನು ತಯಾರಿಸಿದಾಗ ಆ ತಟ್ಟೆ ಯಾರದಾಗಿದ್ದಿತೋ ಅವನನ್ನೇ ಅದರ ಕರ್ತೃವೆಂದು ಭಾವಿಸತಕ್ಕದ್ದು ಎಂದು ಅದರಲ್ಲಿ ವಿಧಿಸಲಾಗಿತ್ತು. ಹಾಡಿದವನಲ್ಲ, ನುಡಿಸಿದವನಲ್ಲ, ತಟ್ಟೆಯ ಯಜಮಾನನೇ ಕರ್ತೃ! ನಮ್ಮ ದೇಶಕ್ಕೂ ಇದೇ ಶಾಸನ 1914ರ ಕಾಯಿದೆಯ ಮೂಲಕ ಅನ್ವಯಿಸುತ್ತಿದ್ದಿತು. 1957ರಲ್ಲಿ ನಾವು ಬೇರೆ ಕಾಯಿದೆ ಮಾಡಿಕೊಂಡೆವು. ಇಂಗ್ಲೆಂಡೇ 1956ರಲ್ಲಿ ಅದನ್ನು ಬದಲಿಸಿತು. ಜಮೈಕ ಮಾತ್ರ ಆ ಹಳೆಯ ಚಿಂದಿಯನ್ನು 1993ರ ತನಕ ಉಟ್ಟುಕೊಂಡಿದ್ದಿತು. ವೇಲರ್ಸ್ ತಟ್ಟೆಗಳೆಲ್ಲವೂ, ಮಾರ್ಲಿಯ ಮರಣವೂ, ಆ ಅವಧಿಯೊಳಗೇ ಮುಗಿದುಹೋದವು.

ಒಡೆತನಕ್ಕಾಗಿ ಅವರು ಪ್ರಯತ್ನಪಡಲಿಲ್ಲವೆಂದಲ್ಲ. 1966ರಲ್ಲಿ ಮಾರ್ಲಿ ಅಮೆರಿಕದ ಡೆಲವೇರ್ ಸಂಸ್ಥಾನಕ್ಕೆ ಕೂಲಿ ಹುಡುಕಿಕೊಂಡು ಹೋದರು. ಅಲ್ಲಿ ಡ್ಯೂಪಾಂಟ್ ಕಂಪನಿಯಲ್ಲಿ ದುಡಿದರು, ಕ್ರೈಸ್ಲರ್ ಮೋಟಾರು ಕಾರ್ಖಾನೆಯಲ್ಲಿ ಪಾಳಿ ಮಾಡಿದರು. ಹತ್ತು ವರ್ಷಗಳ ಮೇಲೆ ಬಂದ 'ನೈಟ್ ಶಿಫ್ಟ್' ಎಂಬ ಹಾಡಿನಲ್ಲಿ ರಾತ್ರಿ ಪಾಳಿಯ ಆ ದಣಿವೇ ಇದೆ. ಅಲ್ಲಿ ಉಳಿಸಿದ ಹಣದಿಂದ ಊರಿಗೆ ಬಂದು 'ವೇಲ್ ಎನ್ ಸೋಲ್ ಎಂ' ಎಂಬ ಸ್ವಂತ ರೆಕಾರ್ಡು ಸಂಸ್ಥೆಯನ್ನು ಗೆಳೆಯರೊಡನೆ ಹುಟ್ಟುಹಾಕಿದರು. ಬೈಸಿಕಲ್ಲಿನ ಮೇಲೆ ತಟ್ಟೆಗಳನ್ನು ಹೇರಿಕೊಂಡು ಅಂಗಡಿಯಿಂದ ಅಂಗಡಿಗೆ ಗಂಡ ಹೆಂಡತಿ ತಿರುಗಿದರು. ತಟ್ಟೆ ಒತ್ತುವ ಯಂತ್ರ ಬೇರೆಯವರದು, ಅಂಗಡಿ ಬೇರೆಯವರದು. ಸಾಮಗ್ರಿಯೂ ಮಾರುಕಟ್ಟೆಯೂ ಕೈಯಲ್ಲಿಲ್ಲದ ಸ್ವಂತ ಉದ್ಯೋಗದ ಗತಿ ನಮ್ಮ ನೇಕಾರ ಬಂಧುಗಳಿಗೆ ಗೊತ್ತು. ಆ ಸಂಸ್ಥೆ ಹೆಚ್ಚು ಕಾಲ ನಡೆಯಲಿಲ್ಲ.

ಮುಂದೆ ಲೆಸ್ಲಿ ಕಾಂಗ್ ಎಂಬ ತಯಾರಕರಿಗೆ ಹಾಡಿದರು. ಹತ್ತು ಹಾಡುಗಳನ್ನು ಸೇರಿಸಿ 'ವೇಲರ್ಸ್ ಅವರ ಅತ್ಯುತ್ತಮ' ಎಂಬರ್ಥದ ಹೆಸರಿಟ್ಟು ಕಾಂಗ್ ಹೊರತಂದರು. ಬಾಳಿ ಮುಗಿಸದವರ ಅತ್ಯುತ್ತಮವನ್ನು ಈಗಲೇ ತೀರ್ಮಾನಿಸುವೆಯಾ ಎಂದು ಬನ್ನಿ ಜಗಳವಾಡಿದರೆಂದು ಕಥೆಯಿದೆ. ಆಮೇಲೆ ಲೀ ಪೆರಿ ಎಂಬ ವಿಚಿತ್ರ ಪ್ರತಿಭೆಯ ತಯಾರಕರೊಡನೆ 1970-71ರಲ್ಲಿ 'ಸೋಲ್ ರೆಬೆಲ್ಸ್', 'ಸೋಲ್ ರೆವಲ್ಯೂಷನ್' ಎಂಬ ಎರಡು ತಟ್ಟೆಗಳಾದವು. ಕಲೆಯ ದೃಷ್ಟಿಯಿಂದ ಮೇಳದ ನಿಜವಾದ ಧ್ವನಿ ಸಿಕ್ಕಿದ್ದು ಇಲ್ಲೇ ಎಂದು ನಮ್ಮ ಅಭಿಪ್ರಾಯ. ಪೆರಿಯ ವಾದ್ಯಗಾರರಾಗಿದ್ದ ಆಸ್ಟನ್ ಬ್ಯಾರೆಟ್ ಮತ್ತು ಅವರ ತಮ್ಮ ಕಾರ್ಲ್‌ಟನ್ ವೇಲರ್ಸ್ ಜೊತೆ ಕೂಡಿದರು. ತಮ್ಮನ ಡೋಲಿನ ಪೆಟ್ಟು ನಾಲ್ಕು ಎಣಿಕೆಯಲ್ಲಿ ಮೊದಲನೆಯದನ್ನು ಬರಿದೆ ಬಿಟ್ಟು ಮೂರನೆಯದರ ಮೇಲೆ ಬೀಳುತ್ತದೆ. ಬಿಟ್ಟ ಜಾಗದಲ್ಲಿ ಅಣ್ಣನ ಬೇಸ್ ತಂತಿ ನಡೆಯುತ್ತದೆ. ರೆಗ್ಗೆ ಎಂದು ಲೋಕ ಇಂದು ತಲೆದೂಗುವುದು ಈ ನಡಿಗೆಗೇ. ಇಂಗ್ಲೆಂಡಿನಲ್ಲಿ ಮಾರಾಟವಾದ ಆ ತಟ್ಟೆಗಳಿಂದ ತಮಗೆ ಹಣ ಬರಲಿಲ್ಲವೆಂದು ಮೇಳದವರು ಕೊನೆಯ ತನಕ ಹೇಳುತ್ತಿದ್ದರು.

1972ರಲ್ಲಿ ಬಂದವರು ಲಂಡನ್ನಿನ ಐಲೆಂಡ್ ರೆಕಾರ್ಡ್ಸ್ ಸಂಸ್ಥೆಯ ಕ್ರಿಸ್ ಬ್ಲ್ಯಾಕ್‌ವೆಲ್. ಸಕ್ಕರೆ, ರಮ್ಮುಗಳ ವ್ಯಾಪಾರದಿಂದ ಹಣವಂತರಾದ ಜಮೈಕದ ಬಿಳಿಯರ ಮನೆತನದ ಮಗ. ಸುಮಾರು 4,000 ಪೌಂಡು ಮುಂಗಡ ಕೊಟ್ಟು, ಊರಿಗೆ ಹೋಗಿ ತಟ್ಟೆ ಮಾಡಿಕೊಂಡು ಬನ್ನಿ ಎಂದರು. ಈ ಹುಡುಗರು ಹಣ ತಿಂದು ಮಾಯವಾಗುತ್ತಾರೆಂದು ಅವರ ಸ್ನೇಹಿತರು ನಕ್ಕರಂತೆ. ಮೇಳದವರು ಟೇಪು ಮುಗಿಸಿಕೊಂಡು ಬಂದರು. ಅದೇ 1973ರ 'ಕ್ಯಾಚ್ ಎ ಫೈರ್'. ಅಲ್ಲಿಯವರೆಗೆ ಜಮೈಕದ ಹಾಡುಗಾರರು ಒಂದೊಂದೇ ಹಾಡಿನ ಸಣ್ಣ ತಟ್ಟೆಗಳಿಗಷ್ಟೇ ಲಾಯಕ್ಕೆಂದು ಭಾವಿಸಿದ್ದ ವ್ಯಾಪಾರಿಗಳಿಗೆ ಆದಿಯಿಂದ ಅಂತ್ಯದವರೆಗೆ ಒಂದೇ ಕೃತಿಯಂತಿದ್ದ ಈ ತಟ್ಟೆ ಉತ್ತರ ಕೊಟ್ಟಿತು. ಆದರೆ ಇಂಗ್ಲೆಂಡು, ಅಮೆರಿಕದ ಬಿಳಿಯ ಕೇಳುಗರ ಕಿವಿಗೆ ಹಿತವಾಗಲೆಂದು ಲಂಡನ್ನಿನಲ್ಲಿ ಆ ಟೇಪಿನ ಮೇಲೆ ಇಬ್ಬರು ಅಮೆರಿಕನ್ನರಿಂದ ಗಿಟಾರನ್ನೂ ಕೀಲಿಮಣೆಯನ್ನೂ ಸೇರಿಸಲಾಯಿತು.

ಇನ್ನೊಂದು ಬದಲಾವಣೆ ಕಿವಿಗೆ ಕೇಳಿಸುವಂಥದಲ್ಲ, ಕಣ್ಣಿಗೆ ಕಾಣಿಸುವಂಥದು. ಮೊದಲು ಬಂದ ಹೊದಿಕೆಯ ಮೇಲೆ 'ವೇಲರ್ಸ್' ಎಂದಷ್ಟೇ ಇದ್ದಿತು. ಮರುವರ್ಷ ಮರುಮುದ್ರಣವಾದಾಗ ಮಾರ್ಲಿಯೊಬ್ಬರದೇ ಚಿತ್ರ. ಹೆಸರು 'ಬಾಬ್ ಮಾರ್ಲಿ ಮತ್ತು ವೇಲರ್ಸ್'. 1973ರಲ್ಲೇ ಬಂದ ಎರಡನೆಯ ತಟ್ಟೆ 'ಬರ್ನಿನ್' ಆದ ಮೇಲೆ ಪೀಟರ್ ಟಾಷ್, ಬನ್ನಿ ಇಬ್ಬರೂ ಮೇಳ ಬಿಟ್ಟರು. ಬಿಟ್ಟುದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಹತ್ತು ವರ್ಷ ಕೂಡಿ ಹಾಡಿದ ಮೂವರಲ್ಲಿ ಒಬ್ಬರ ಮುಖವನ್ನು ಮಾತ್ರ ಮಾರಾಟದ ಸರಕಾಗಿ ಆರಿಸಿಕೊಂಡದ್ದು ಬಂಡವಾಳದ ಜಾಯಮಾನ. ಸಂಘವನ್ನು ಮಾರುವುದಕ್ಕಿಂತ ವೀರನನ್ನು ಮಾರುವುದು ಸುಲಭ.

ಈ ನಡುವೆ ಮಾರ್ಲಿ ಮಾಡಿದ ಒಂದು ಉಪಾಯ ನಮಗೆ ನಗೆಯನ್ನೂ ಸಂಕಟವನ್ನೂ ಒಟ್ಟಿಗೇ ತರಿಸುತ್ತದೆ. ಹಾಡು ಬರೆದವನ ಹಕ್ಕು ಬೇರೆ, ಹಾಡನ್ನು ಹಿಡಿದಿಟ್ಟ ತಟ್ಟೆಯ ಹಕ್ಕು ಬೇರೆ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮಾರ್ಲಿ ಬರೆಯುವ ಹಾಡುಗಳೆಲ್ಲ ತನಗೆ ಸೇರತಕ್ಕದ್ದೆಂದು ಕೇಮನ್ ಮ್ಯೂಸಿಕ್ ಎಂಬ ಸಂಸ್ಥೆ ಮೊದಲೇ ಬರೆಸಿಕೊಂಡಿದ್ದಿತು. ಅದರ ಹಿಡಿತ ತಪ್ಪಿಸಿಕೊಳ್ಳಲು 1973ರಿಂದ 76ರ ವರೆಗಿನ ಹದಿಮೂರು ಹಾಡುಗಳನ್ನು ಅವರು ಗೆಳೆಯರ ಹೆಸರಿನಲ್ಲಿ ದಾಖಲು ಮಾಡಿಸಿದರೆಂದು ಲಂಡನ್ನಿನ ನ್ಯಾಯಾಲಯದ ಮುಂದೆ ಹೇಳಲಾಯಿತು. ಲೋಕಪ್ರಸಿದ್ಧವಾದ 'ನೋ ವುಮನ್ ನೋ ಕ್ರೈ' ವಿನ್ಸೆಂಟ್ ಫೋರ್ಡ್ ಎಂಬವರ ಹೆಸರಿನಲ್ಲಿದೆ. ಟ್ರೆಂಚ್ ಟೌನಿನಲ್ಲಿ ಹಸಿದವರಿಗೆ ಗಂಜಿ ಹಾಕುತ್ತಿದ್ದವರು ಆತ. ನಮ್ಮಲ್ಲಿ ಭೂಮಿತಿ ಕಾಯಿದೆ ಬಂದಾಗ ಜಮೀನ್ದಾರರು ನೆಂಟರ ಹೆಸರಿಗೂ ಆಳುಗಳ ಹೆಸರಿಗೂ ಬೇನಾಮಿ ಪತ್ರ ಬರೆದರು. ಅಲ್ಲಿ ದುಡಿಯುವವನೇ ತನ್ನ ಬೆಳೆಗೆ ಬೇನಾಮಿ ಬರೆಯಬೇಕಾಯಿತು! ಕೊನೆಗೂ 2014ರಲ್ಲಿ ಆ ನ್ಯಾಯಾಲಯ, 1992ರ ಒಂದು ಕರಾರಿನ ಮೂಲಕ ಆ ಹಾಡುಗಳು ಐಲೆಂಡ್ ಕಡೆಯ ಪ್ರಕಾಶನ ಸಂಸ್ಥೆಗೆ ಹೋಗಿವೆಯೆಂದು ತೀರ್ಪಿತ್ತಿತು. ಎರಡು ಕಂಪನಿಗಳು ಕಾದಾಡಿದವು, ಒಂದು ಕಂಪನಿ ಗೆದ್ದಿತು.

ಇಷ್ಟೆಲ್ಲ ಬರೆದ ಮೇಲೆ ತಟ್ಟೆಗಳಲ್ಲಿ ಏನಿದೆಯೆಂದು ಹೇಳದಿದ್ದರೆ ಅನ್ಯಾಯವಾದೀತು. 'ನ್ಯಾಟಿ ಡ್ರೆಡ್' 1974ರಲ್ಲಿ, 'ರಾಸ್ತಾಮನ್ ವೈಬ್ರೇಷನ್' 1976ರಲ್ಲಿ, 'ಎಕ್ಸೋಡಸ್' 1977ರಲ್ಲಿ, 'ಕಾಯಾ' 1978ರಲ್ಲಿ, 'ಸರ್ವೈವಲ್' 1979ರಲ್ಲಿ, 'ಅಪ್‌ರೈಸಿಂಗ್' 1980ರಲ್ಲಿ ಬಂದವು. ಉಳ್ಳವರ ಹೊಟ್ಟೆ ತುಂಬಿರುವುದನ್ನೂ ತಮ್ಮ ಹೊಟ್ಟೆ ಹಸಿದಿರುವುದನ್ನೂ ಜಮೈಕದ ನಾಡಗಾದೆಗಳ ಧಾಟಿಯಲ್ಲಿ ಹೇಳುವ ಹಾಡು ಇವುಗಳಲ್ಲಿದೆ. ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿ 1963ರಲ್ಲಿ ವಿಶ್ವಸಂಸ್ಥೆಯಲ್ಲಿ ಮಾಡಿದ ಭಾಷಣವನ್ನೇ ತಾಳಕ್ಕೆ ಅಳವಡಿಸಿದ 'ವಾರ್' ಎಂಬ ಹಾಡಿದೆ. ಒಂದು ಮಾತು ಮುಚ್ಚುಮರೆಯಿಲ್ಲದೆ ಹೇಳಬೇಕು: ಆ ಚಕ್ರವರ್ತಿಯನ್ನು ದೇವರೆಂದು ನಂಬಿದ ರಾಸ್ತಾ ಪಂಥದ ಶ್ರದ್ಧೆ ನಮಗೆ ಒಪ್ಪಿತವಲ್ಲ. 1973ರ ಕ್ಷಾಮದಲ್ಲಿ ವೊಲ್ಲೊ ಪ್ರಾಂತದ ಬಡ ರೈತರು ಸಾಯುತ್ತಿದ್ದಾಗ ಅದನ್ನು ಮುಚ್ಚಿಟ್ಟ ಆಡಳಿತ ಅವನದು. ಮರುವರ್ಷ ಸಿಂಹಾಸನ ಕಳೆದುಕೊಂಡ. ಆದರೆ ವರ್ಣಭೇದ ಇರುವ ತನಕ ಶಾಂತಿಯಿಲ್ಲ ಎಂಬ ಆ ಮಾತು ಅರಸನ ಬಾಯಿಂದ ಬಂದರೂ, ಕೇರಿಯ ಹುಡುಗನ ಗಂಟಲಲ್ಲಿ ಅರಸನದಾಗಿ ಉಳಿಯಲಿಲ್ಲ.

ನಮ್ಮ ಮಟ್ಟಿಗೆ 'ಸರ್ವೈವಲ್' ಎಲ್ಲಕ್ಕಿಂತ ದೊಡ್ಡದು. ಅದರ ಹೊದಿಕೆಯ ಮೇಲೆ ಆಫ್ರಿಕದ ರಾಷ್ಟ್ರಗಳ ಧ್ವಜಗಳಿವೆ. ನಡುವೆ ಗುಲಾಮರ ಹಡಗಿನಲ್ಲಿ ಮನುಷ್ಯರನ್ನು ಸಾಲುಸಾಲಾಗಿ ಒಟ್ಟಿದ್ದ ನಕಾಶೆಯಿದೆ. ಅದರಲ್ಲಿನ 'ಜಿಂಬಾಬ್ವೆ' ಎಂಬ ಹಾಡು ಬಂದಾಗ ಆ ದೇಶ ಇನ್ನೂ ಸ್ವತಂತ್ರವಾಗಿರಲಿಲ್ಲ. 1980ರ ಏಪ್ರಿಲ್ 17ರ ನಡುರಾತ್ರಿ ಅಲ್ಲಿ ಬ್ರಿಟಿಷ್ ಧ್ವಜ ಇಳಿದಾಗ ರುಫಾರೋ ಮೈದಾನದಲ್ಲಿ ಅದೇ ಹಾಡನ್ನು ಮಾರ್ಲಿ ಹಾಡಿದರು. ಒಳಗೆ ಗಣ್ಯರು, ಹೊರಗೆ ಜನ. ಒಳನುಗ್ಗಿದ ಜನರ ಮೇಲೆ ಪೊಲೀಸರು ಅಶ್ರುವಾಯು ಬಿಟ್ಟರು. ಸ್ವಾತಂತ್ರ್ಯದ ಮೊದಲನೆಯ ರಾತ್ರಿಯೇ! ಟಿಕೆಟ್ಟಿಲ್ಲದವರಿಗಾಗಿ ಮೇಳದವರು ಮತ್ತೊಮ್ಮೆ ಹಾಡಿಯೇ ಹೊರಟರು.

1981ರ ಮೇ 11ರಂದು ಕ್ಯಾನ್ಸರಿನಿಂದ ಮಾರ್ಲಿ ತೀರಿಕೊಂಡರು. ವಯಸ್ಸು 36. ಉಯಿಲು ಬರೆದಿರಲಿಲ್ಲ; ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಮೂರು ವರ್ಷಗಳ ಮೇಲೆ ಕಂಪನಿಯವರು ಹದಿನಾಲ್ಕು ಹಾಡುಗಳನ್ನು ಆರಿಸಿ 'ಲೆಜೆಂಡ್' ಎಂಬ ತಟ್ಟೆ ತಂದರು. ಲೋಕದಲ್ಲಿ ಅತ್ಯಂತ ಹೆಚ್ಚು ಮಾರಾಟವಾದ ರೆಗ್ಗೆ ತಟ್ಟೆ ಅದೇ. ಎರಡೂವರೆ ಕೋಟಿಗೂ ಮೇಲೆ ಎನ್ನುತ್ತಾರೆ. ಆಯ್ಕೆಯನ್ನು ಎಣಿಸಿ ನೋಡಿದೆವು. 'ಎಕ್ಸೋಡಸ್'ನಿಂದ ಐದು ಹಾಡು. ಪ್ರೇಮದ ಹಾಡುಗಳ 'ಕಾಯಾ'ದಿಂದ ಎರಡು. 'ವಾರ್' ಮತ್ತು 'ನೈಟ್ ಶಿಫ್ಟ್' ಇರುವ 'ರಾಸ್ತಾಮನ್ ವೈಬ್ರೇಷನ್'ನಿಂದ ಒಂದೂ ಇಲ್ಲ. 'ಸರ್ವೈವಲ್'ನಿಂದ ಒಂದೂ ಇಲ್ಲ. ಹೋರಾಟದ ಹಾಡುಗಳು ಪೂರ್ತಿ ಇಲ್ಲವೆಂದರೆ ಸುಳ್ಳಾದೀತು. ಎರಡು ಮೂರನ್ನು ಉಪ್ಪಿನಕಾಯಿಯಂತೆ ಬಡಿಸಿದ್ದಾರೆ. ಕೋಟ್ಯಂತರ ಮನೆಗಳಿಗೆ ಹೋದುದು ನಗುಮುಖದ, ಯಾರನ್ನೂ ನೋಯಿಸದ ಮಾರ್ಲಿ. ಟೇಪಿನ ಒಡೆಯನಿಗೆ ಲಾಭ ಮಾತ್ರವಲ್ಲ, ಸತ್ತವನ ಮಾತುಗಳಲ್ಲಿ ಯಾವುದು ಕೇಳಿಸಬೇಕು ಯಾವುದು ಕೇಳಿಸಬಾರದು ಎಂದು ತೀರ್ಮಾನಿಸುವ ಅಧಿಕಾರವೂ ಸಿಕ್ಕುತ್ತದೆ.

ಐಲೆಂಡ್ ಸಂಸ್ಥೆ 1989ರಲ್ಲಿ ಪಾಲಿಗ್ರಾಂ ಕಂಪನಿಗೆ, ಪಾಲಿಗ್ರಾಂ 1998ರಲ್ಲಿ ಯೂನಿವರ್ಸಲ್‌ನ ಒಡೆಯರಿಗೆ ಮಾರಾಟವಾಯಿತು. 1973ರಿಂದ 77ರ ವರೆಗಿನ ಐದು ತಟ್ಟೆಗಳ ಹಕ್ಕು ತಮ್ಮದೆಂದು ಮಾರ್ಲಿ ಕುಟುಂಬದವರು ನ್ಯೂಯಾರ್ಕಿನಲ್ಲಿ ದಾವೆ ಹೂಡಿದರು. 2010ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶೆ ತೀರ್ಪಿತ್ತರು: ಇವು ಕೂಲಿಗೆ ಮಾಡಿಕೊಟ್ಟ ಕೆಲಸಗಳು, ಮಾಡಿಸಿಕೊಂಡ ಕಂಪನಿಯೇ ಕಾನೂನಿನ ಪ್ರಕಾರ ಒಡೆಯ. ಗುಲಾಮಗಿರಿಯನ್ನು ಕುರಿತು ಇಡೀ ಭೂಮಂಡಲ ಕೇಳುವಂತೆ ಹಾಡಿದ ತಟ್ಟೆಗಳಿಗೆ ನ್ಯಾಯಾಲಯ ಕೊಟ್ಟ ಹೆಸರು 'ಕೂಲಿ ಕೆಲಸ'.

ಆ ಕುಟುಂಬವನ್ನು ನಾವು ಪೂರ್ತಿ ಮರುಕದಿಂದ ನೋಡಲಾರೆವು. ಬ್ಯಾರೆಟ್ಟರ ದಾವೆಯಲ್ಲಿ ಕಂಪನಿಯ ಜೊತೆ ಪ್ರತಿವಾದಿಗಳಾಗಿ ನಿಂತವರು ಅವರೇ. 1974ರಲ್ಲಿ ಮಾರ್ಲಿಯೊಡನೆ ತಾನೂ ತಮ್ಮನೂ ಸಹಿ ಹಾಕಿದ್ದ ಕರಾರನ್ನು ಮುಂದಿಟ್ಟುಕೊಂಡು ಆ ಮುದುಕ ವಾದಿಸಿದರು. ತಮ್ಮ ಕಾರ್ಲ್‌ಟನ್ 1987ರಲ್ಲೇ ಕೊಲೆಯಾಗಿದ್ದರು. ಅದೇ ವರ್ಷ ಪೀಟರ್ ಟಾಷ್ ಕೂಡ. ಮೇಲಿನ ಒಡೆಯನಿಂದ ವಂಚಿತರಾದವರ ನಡುವೆಯೇ ಮತ್ತೊಬ್ಬ ಒಡೆಯ ಹುಟ್ಟಿಕೊಳ್ಳುವುದನ್ನು ಗೇಣಿ ಒಳಗೇಣಿಗಳ ನಾಡಿನಲ್ಲಿ ನಾವು ಬೇಕಾದಷ್ಟು ಕಂಡಿದ್ದೇವೆ.

ಜಮೈಕದ ಸಮಾಜವಾದಿ ಬಂಧುಗಳೂ ಇಲ್ಲಿ ಎಡವಿದರೆಂದು ಹೇಳದೆ ಗತ್ಯಂತರವಿಲ್ಲ. ಮೈಕೇಲ್ ಮ್ಯಾನ್ಲಿಯವರ ಪಕ್ಷ 1972ರಿಂದ 80ರ ವರೆಗೆ ಅಧಿಕಾರದಲ್ಲಿದ್ದಿತು. ಮಾರ್ಲಿ ಹುಟ್ಟಿದ ಸೇಂಟ್ ಆನ್ ಜಿಲ್ಲೆಯ ಕೆಂಪು ಮಣ್ಣಿನಲ್ಲಿ ಬಾಕ್ಸೈಟ್ ಅದಿರಿದೆ. ಅಮೆರಿಕದ ಕಂಪನಿಗಳು ಅದನ್ನು ಅಗ್ಗವಾಗಿ ಹಡಗಿಗೆ ತುಂಬಿ ಒಯ್ಯುತ್ತಿದ್ದವು. 1974ರಲ್ಲಿ ಮ್ಯಾನ್ಲಿಯವರು, ಅಲ್ಯೂಮಿನಿಯಂ ಬೆಲೆಯ ಶೇಕಡ 7.5ರ ಲೆಕ್ಕದಲ್ಲಿ ತೆರಿಗೆ ಕೊಡಿ ಎಂದು ಕಂಪನಿಗಳ ಮೇಲೆ ವಿಧಿಸಿ ಬೊಕ್ಕಸದ ಹುಟ್ಟುವಳಿಯನ್ನು ಹಲವು ಪಟ್ಟು ಏರಿಸಿದರು. ಮೂರನೆಯ ಜಗತ್ತಿನ ಚರಿತ್ರೆಯಲ್ಲಿ ನೆನೆಯಬೇಕಾದ ಕೆಲಸವಿದು. ಆದರೆ ಅದೇ ಮಣ್ಣಿನಿಂದ ಅದೇ ವರ್ಷಗಳಲ್ಲಿ ಟೇಪಿನ ಸುರುಳಿಗಳಲ್ಲಿ ಹೊರದೇಶಕ್ಕೆ ಹೋಗುತ್ತಿದ್ದ ಇನ್ನೊಂದು ಅದಿರಿನ ಕಡೆಗೆ ಅವರ ಕಣ್ಣು ಹೋಗಲಿಲ್ಲ. 1911ರ ಶಾಸನ ಜಾರಿಯಲ್ಲೇ ಉಳಿಯಿತು. ಹಾಡು ಸಂಪತ್ತು ಎಂದು ಅವರಿಗೆ ಹೊಳೆಯಲಿಲ್ಲವೆಂದು ಕಾಣುತ್ತದೆ. ನಮಗೂ ಎಷ್ಟೋ ಕಾಲ ಹೊಳೆದಿರಲಿಲ್ಲ.

ಕಾಗೋಡಿನಲ್ಲಿ 1951ರಲ್ಲಿ ರೈತರು ಮೊದಲು ಎತ್ತಿದ ತಕರಾರು ಗೇಣಿ ಅಳೆಯುವ ಕೊಳಗದ ಬಗ್ಗೆ. ಕೊಳಗ ಧಣಿಯ ಕೈಯಲ್ಲಿದ್ದರೆ ಲೆಕ್ಕವೂ ಧಣಿಯದೇ. ಎಷ್ಟು ತಟ್ಟೆ ಮಾರಾಟವಾಯಿತು, ಎಷ್ಟು ಸಲ ಹಾಡು ಕೇಳಿಸಿತು ಎಂಬ ಲೆಕ್ಕದ ಪುಸ್ತಕವೂ ಅಂಥದೇ ಕೊಳಗ. ಅದನ್ನು ಹಾಡುಗಾರರ ಸಂಘದ ಮುಂದೆ ತೆರೆದಿಡಬೇಕು. ನಮ್ಮ ದೇಶದಲ್ಲಿ 2012ರ ತಿದ್ದುಪಡಿ ಒಂದು ಒಳ್ಳೆಯ ಹೆಜ್ಜೆ ಇಟ್ಟಿತು. ಚಲನಚಿತ್ರಕ್ಕೆ ಹಾಡು ಬರೆದವನೂ ಸ್ವರ ಹಾಕಿದವನೂ ಮುಂದಿನ ಆದಾಯದಲ್ಲಿ ತಮಗಿರುವ ಪಾಲನ್ನು, ಚಿತ್ರಮಂದಿರದ ಪ್ರದರ್ಶನವೊಂದನ್ನು ಬಿಟ್ಟು, ಕಂಪನಿಗೆ ಬರೆದುಕೊಟ್ಟರೂ ಆ ಬರಹ ಊರ್ಜಿತವಾಗದು. ಬಡತನದಲ್ಲಿ ಹಾಕಿದ ಸಹಿ ಒಪ್ಪಿಗೆಯಲ್ಲ ಎಂಬ ತತ್ವವನ್ನು ಪಾರ್ಲಿಮೆಂಟು ಅಷ್ಟರ ಮಟ್ಟಿಗೆ ಒಪ್ಪಿಕೊಂಡಿತು. ಆಸ್ಟನ್ ಬ್ಯಾರೆಟ್ಟರಿಗೆ ಇಂಥದೊಂದು ರಕ್ಷಣೆ ಇದ್ದಿದ್ದರೆ 1994ರ ರಾಜಿಯ ಕಾಗದ ಅಷ್ಟು ಭಾರವಾಗುತ್ತಿರಲಿಲ್ಲ. ಹಾಡಿದವರಿಗೂ ನುಡಿಸಿದವರಿಗೂ ವಾಣಿಜ್ಯ ಬಳಕೆಯಲ್ಲಿ ಗೌರವಧನ ಸಲ್ಲತಕ್ಕದ್ದೆಂದು ಅದೇ ತಿದ್ದುಪಡಿ ಹೇಳುತ್ತದೆ. ಅಂದಂದಿನ ಕೂಲಿ ಪಡೆದು ಸ್ಟುಡಿಯೋ ಮೆಟ್ಟಿಲಿಳಿದು ಹೋಗುವ ಡೋಲಕ್ಕಿನವನಿಗೆ, ಕೊಳಲಿನವನಿಗೆ ಅದು ಎಷ್ಟು ತಲುಪಿದೆಯೆಂದು ಮಂತ್ರಿಗಳು ಹೇಳುವುದು ಬೇಡ. ಅವರನ್ನೇ ಕರೆದು ಕೇಳಲಿ.